ಯಾವ ಅಂತೋಣಿ, ಯಾವ ತೆರೇಸಾ?

ಜೂನ್ 13 ಬಂತೆಂದರೆ ಮೈಸೂರು ಜಿಲ್ಲೆಯ ಡೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ. ಕ್ರೈಸ್ತರ ಜೊತೆಗೆ ಅನ್ಯ ಧರ್ಮೀಯರೂ ಹರಕೆ ಹೊತ್ತು ಬರುವ ಬಸಿಲಿಕಾ ಅದು. ಅಲ್ಲಿ ‘ಅಂತೋಣಿಯವರು’ ಎಂದರೆ ಸಾಕು, ಯಾವ ಊರಿನವರು, ಯಾವ ಕಾಲದವರು ಎಂದು ವಿವರಿಸಬೇಕಾಗಿಲ್ಲ. ಆದರೆ ಬರೀ ಹೆಸರು ಹಿಡಿದು ಕರೆಯುವ ಈ ರೂಢಿಯ ಬೆನ್ನಿಗೇ ಒಂದು ತಪ್ಪು ಕಲ್ಪನೆ ಬೆಳೆದಿದೆ: ಕಥೋಲಿಕರಲ್ಲಿ ಒಂದು ಹೆಸರಿಗೆ ಒಬ್ಬರೇ ಸಂತರು, ಅಂತೋಣಿ ಒಬ್ಬರು, ತೆರೇಸಾ ಒಬ್ಬರು, ಫ್ರಾನ್ಸಿಸ್ ಒಬ್ಬರು ಎಂಬುದು. ಇದಕ್ಕೆ ಎದುರಾಗಿ, ತಾವು ಹೆಚ್ಚು ಬಲ್ಲೆವು ಎನ್ನುವವರ ಕಲ್ಪನೆ ಇನ್ನೊಂದಿದೆ. ಒಂದೇ ಹೆಸರಿನ ಸಂತರು ಡಜನ್‌ಗಟ್ಟಲೆ ಸಿಗುತ್ತಾರೆಂದರೆ ಒಂದೇ ಕಥೆಯನ್ನು ಊರೂರಿಗೆ ನಕಲು ಮಾಡಿದ್ದಾರೆ ಎಂದೇ ಅರ್ಥ ಎನ್ನುತ್ತಾರೆ ಅವರು. ಎರಡೂ ತಪ್ಪು, ಅದೂ ಒಂದೇ ಕಾರಣಕ್ಕೆ. ಮೊದಲಿನವರೂ ಹೆಸರನ್ನೇ ಸಾಕ್ಷಿ ಎಂದುಕೊಂಡಿದ್ದಾರೆ, ಎರಡನೆಯವರೂ ಅದನ್ನೇ. ಹೆಸರು ಒಂದೇ ಆದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಎಂದಾಗಲಿ, ಬೇರೆ ಬೇರೆ ಎಂದಾಗಲಿ ಸಾಬೀತಾಗುವುದಿಲ್ಲ. ತೀರ್ಮಾನ ಕೊಡುವುದು ದಿನ, ಊರು, ಸಾವು ಮತ್ತು ಸಮಾಧಿ.

ಡೋರನಹಳ್ಳಿಯ ಅಂತೋಣಿ ಇಟಲಿಯ ಪದುವಾದವರೆಂದು ಹೆಸರಾದವರು. ಸುಮಾರು 1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಹುಟ್ಟಿದಾಗ ಅವರಿಗೆ ಇಟ್ಟ ಹೆಸರು ಫೆರ್ನಾಂದೊ. ಕೊಯಿಂಬ್ರಾದಲ್ಲಿ ಅಗಸ್ಟೀನರ ಮಠ ಸೇರಿ ಓದಿಕೊಂಡಿದ್ದವರ ಬದುಕು 1220ರಲ್ಲಿ ತಿರುವು ಪಡೆಯಿತು. ಮೊರಾಕೊದಲ್ಲಿ ಕೊಲೆಯಾದ ಐವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ಅವಶೇಷಗಳನ್ನು ಆ ವರ್ಷ ಕೊಯಿಂಬ್ರಾಕ್ಕೆ ತಂದರು. ಅದನ್ನು ಕಂಡ ಫೆರ್ನಾಂದೊ ತನ್ನ ಮಠ ಬಿಟ್ಟು ಊರ ಹೊರಗೆ ಒಲಿವಾಯಿಸ್ ಎಂಬಲ್ಲಿದ್ದ ಫ್ರಾನ್ಸಿಸ್ಕನ್ನರ ಪುಟ್ಟ ಆಶ್ರಮಕ್ಕೆ ಹೋದರು. ಆ ಆಶ್ರಮ ಸಂತ ಅಂತೋಣಿಯ ಹೆಸರಿನಲ್ಲಿತ್ತು. ಈ ಅಂತೋಣಿ ಸುಮಾರು 251ರಿಂದ 356ರವರೆಗೆ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ತಪಸ್ವಿ, ಸಂತ ಅಥನಾಸಿಯಸ್ ಬರೆದ ಜೀವನಚರಿತ್ರೆಯಿಂದ ಜಗತ್ತಿಗೆ ಪರಿಚಯವಾದವರು. ಫೆರ್ನಾಂದೊ ಅಲ್ಲಿ ದೀಕ್ಷೆ ಪಡೆದು ಅದೇ ಹೆಸರನ್ನು ತನ್ನದಾಗಿಸಿಕೊಂಡರು. ಅಂದರೆ ಇಬ್ಬರು ಅಂತೋಣಿಯರ ಹೆಸರು ಒಂದೇ ಆದದ್ದು ಆಕಸ್ಮಿಕವಲ್ಲ. ಎರಡನೆಯವರು ಮೊದಲಿನವರಿಂದ ತಿಳಿದೇ ಪಡೆದದ್ದು. ನಡುವಿನ ಅಂತರ ಎಂಟೂವರೆ ಶತಮಾನಕ್ಕೂ ಹೆಚ್ಚು.

ಆದರೂ ಇಬ್ಬರ ಕಥೆಗಳು ಬೆರೆಯುತ್ತಲೇ ಇರುತ್ತವೆ. ಚಿತ್ರದಲ್ಲಿ ಪುಸ್ತಕದ ಮೇಲೆ ಬಾಲಯೇಸು, ಕೈಯಲ್ಲಿ ಲಿಲ್ಲಿ ಹೂ, ಮೈಮೇಲೆ ಹಗ್ಗ ಬಿಗಿದ ನಿಲುವಂಗಿ ಇದ್ದರೆ ಅದು ಪದುವಾದವರು. ಉದ್ದ ಗಡ್ಡ, ಟಿ ಆಕಾರದ ಊರುಗೋಲು, ಗಂಟೆ, ಕಾಲ ಬಳಿ ಒಂದು ಹಂದಿ ಇದ್ದರೆ ಈಜಿಪ್ಟಿನವರು. ಕಳೆದುಹೋದ ವಸ್ತುವಿಗಾಗಿ ಮೊರೆ ಹೋಗುವುದು ಪದುವಾದವರಿಗೆ, ದನಕರುಗಳನ್ನು ಆಶೀರ್ವಾದಕ್ಕೆ ಒಯ್ಯುವುದು ಜನವರಿ 17ರಂದು, ಈಜಿಪ್ಟಿನವರ ಹಬ್ಬಕ್ಕೆ. ಮಧ್ಯಯುಗದ ಯುರೋಪಿನಲ್ಲಿ ‘ಸಂತ ಅಂತೋಣಿಯ ಬೆಂಕಿ’ ಎಂಬ ಭೀಕರ ರೋಗವಿತ್ತು. ರೈ ಧಾನ್ಯಕ್ಕೆ ತಗಲುವ ಒಂದು ಶಿಲೀಂಧ್ರ ರೊಟ್ಟಿಯ ಮೂಲಕ ಹೊಟ್ಟೆ ಸೇರಿ, ಕೈಕಾಲು ಸುಟ್ಟಂತೆ ಉರಿದು ಕೊಳೆಯುತ್ತಿದ್ದ ಕಾಯಿಲೆ ಅದು. ಇದನ್ನೂ ಪದುವಾದ ಅಂತೋಣಿಯ ಲೆಕ್ಕಕ್ಕೆ ಹಾಕುವವರಿದ್ದಾರೆ. ಆದರೆ ಈ ರೋಗಿಗಳ ಆರೈಕೆಗಾಗಿ ಅಂತೋಣಿಯ ಹೆಸರಿನ ಸನ್ಯಾಸಿ ಸಂಘ ಫ್ರಾನ್ಸಿನಲ್ಲಿ ಹುಟ್ಟಿದ್ದು ಹನ್ನೊಂದನೇ ಶತಮಾನದ ಕೊನೆಗೆ, ಪದುವಾದವರು ಹುಟ್ಟುವುದಕ್ಕೂ ಸುಮಾರು ನೂರು ವರ್ಷ ಮೊದಲು. ಸಮಾಧಿಯ ವಿಷಯದಲ್ಲೂ ಅಷ್ಟೇ. ಮರುಭೂಮಿಯ ಮುದುಕ ತನ್ನನ್ನು ಹೂತ ಜಾಗ ಯಾರಿಗೂ ತಿಳಿಯಬಾರದೆಂದು ಶಿಷ್ಯರಿಗೆ ಹೇಳಿ ಸತ್ತರು ಎನ್ನುತ್ತದೆ ಅಥನಾಸಿಯಸ್‌ನ ಬರಹ. 1231ರ ಜೂನ್ 13ರಂದು ಪದುವಾದ ಹೊರವಲಯದಲ್ಲಿ ತೀರಿಕೊಂಡ ಪ್ರವಚನಕಾರರಿಗೆ ಒಂದು ವರ್ಷವೂ ತುಂಬುವ ಮೊದಲೇ ಸಂತ ಪದವಿ ಸಿಕ್ಕಿತು. ಅವರ ನಾಲಿಗೆಯನ್ನು ಇಂದಿಗೂ ಪದುವಾದ ಬಸಿಲಿಕಾದಲ್ಲಿ ಕರಂಡಕದೊಳಗಿಟ್ಟು ತೋರಿಸುತ್ತಾರೆ.

ಹಾಗಾದರೆ ಹೆಸರಿನ ಜೊತೆ ಊರನ್ನು ಸೇರಿಸಿಬಿಟ್ಟರೆ ಗೊಂದಲ ತೀರಿತಲ್ಲ ಎನ್ನಬಹುದು. ಅಷ್ಟು ಸುಲಭವಿಲ್ಲ. ಪೋರ್ಚುಗೀಸರು ಪದುವಾದ ಅಂತೋಣಿಯವರನ್ನು ‘ಲಿಸ್ಬನ್ನಿನ ಅಂತೋಣಿ’ ಎನ್ನುತ್ತಾರೆ, ನಮ್ಮವ ಎಂಬ ಅಭಿಮಾನದಿಂದ. ಪಟ್ಟಿಯಲ್ಲಿ ಲಿಸ್ಬನ್ನಿನವರೂ ಪದುವಾದವರೂ ಕಂಡರೆ ಅಪರಿಚಿತ ಓದುಗ ಇಬ್ಬರೆಂದು ಎಣಿಸುತ್ತಾನೆ. ಇರುವುದು ಒಬ್ಬರೇ. ಒಂದು ಹುಟ್ಟೂರು, ಇನ್ನೊಂದು ಮಣ್ಣಾದ ಊರು.

ತೆರೇಸಾ ಹೆಸರಿನದು ಇನ್ನೂ ಗಟ್ಟಿ ಗಂಟು. ಆವಿಲಾದ ತೆರೇಸಾ 1515ರಲ್ಲಿ ಸ್ಪೇನಿನಲ್ಲಿ ಹುಟ್ಟಿದವರು, ಕಾರ್ಮೆಲ್ ಸಂಘವನ್ನು ಸುಧಾರಿಸಿ ಮಠ ಮೇಲೆ ಮಠ ಕಟ್ಟಿದವರು. ಲಿಸ್ಯೂವಿನ ತೆರೇಸಾ 1873ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಅದೇ ಕಾರ್ಮೆಲ್ ಸಂಘದ ಮಠವೊಂದರ ನಾಲ್ಕು ಗೋಡೆಗಳೊಳಗೆ ಕ್ಷಯದಿಂದ ನರಳಿ 24ನೇ ವಯಸ್ಸಿಗೆ ತೀರಿಕೊಂಡ ಹುಡುಗಿ. ನಮ್ಮಲ್ಲಿ ‘ಲಿಟಲ್ ಫ್ಲವರ್’ ಹೆಸರಿನ ಶಾಲೆಗಳಿರುವುದು ಈ ಎರಡನೆಯವರ ನೆನಪಿಗೆ. ಇಬ್ಬರದೂ ಒಂದೇ ಸಂಘ, ಒಂದೇ ಕಂದು ಉಡುಪು, ಬಿಳಿ ಮೇಲುಹೊದಿಕೆ, ಇಬ್ಬರ ಹಬ್ಬವೂ ಅಕ್ಟೋಬರಿನಲ್ಲೇ. ಕೈಯಲ್ಲಿ ಶಿಲುಬೆ, ಅದರ ಸುತ್ತ ಗುಲಾಬಿ ಇದ್ದರೆ ಚಿಕ್ಕವರು. ಲೇಖನಿ, ಪುಸ್ತಕ ಇದ್ದರೆ ದೊಡ್ಡವರು. ದೊಡ್ಡವರ ಹಬ್ಬ 15ಕ್ಕೆ ಬಂದದ್ದರ ಹಿಂದೆ ಒಂದು ಸ್ವಾರಸ್ಯವಿದೆ. ಅವರು ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಸ್ಪೇನಿನಲ್ಲಿ ಹಳೆಯ ಪಂಚಾಂಗ ಬಿಟ್ಟು ಗ್ರೆಗರಿ ಪಂಚಾಂಗಕ್ಕೆ ಬದಲಾದದ್ದು ಅದೇ ರಾತ್ರಿ. ಬೆಳಗಾದಾಗ ತಾರೀಖು 5 ಆಗುವ ಬದಲು 15 ಆಗಿತ್ತು.

ಈಗ ಕೋಲ್ಕತ್ತದ ಮದರ್ ತೆರೇಸಾ. ಆವಿಲಾದವರೇ ಹೆಚ್ಚು ಪ್ರಸಿದ್ಧರು, ಕಾಗುಣಿತವೂ ಸ್ಪ್ಯಾನಿಷ್ ರೀತಿಯದು, ಆದ್ದರಿಂದ ಅವರ ಹೆಸರೇ ಇರಬೇಕು ಎಂಬುದು ಹಲವರ ಊಹೆ. ವಸ್ತುಸ್ಥಿತಿ ತಿರುಗುಮುರುಗು. 1910ರಲ್ಲಿ ಸ್ಕೋಪ್ಯೆಯಲ್ಲಿ ಹುಟ್ಟಿದ ಆಗ್ನೆಸ್ ಲೊರೆಟೊ ಸಂಘ ಸೇರಿ ಹೆಸರು ಆರಿಸಿಕೊಂಡಾಗ ಮನಸ್ಸಿನಲ್ಲಿದ್ದದ್ದು ಲಿಸ್ಯೂವಿನ ಚಿಕ್ಕ ತೆರೇಸಾ. ಆ ಸಂಘದಲ್ಲಿ ಫ್ರೆಂಚ್ ಕಾಗುಣಿತದ ತೆರೇಸಾ ಒಬ್ಬರು ಆಗಲೇ ಇದ್ದುದರಿಂದ ಇವರು ಸ್ಪ್ಯಾನಿಷ್ ರೂಪವನ್ನು ಬಳಸಿದರು. ಇದೇ ಸಾಲಿನಲ್ಲಿ ಮತ್ತೊಬ್ಬರು ಚಿಲಿ ದೇಶದ ಆಂಡಿಸ್‌ನ ತೆರೇಸಾ, 1920ರಲ್ಲಿ ಇಪ್ಪತ್ತು ತುಂಬುವ ಮೊದಲೇ ಅಸುನೀಗಿದ ಕಾರ್ಮೆಲೈಟ್. ಇವರ ಮಠದ ಹೆಸರು ‘ಯೇಸುವಿನ ತೆರೇಸಾ’, ಆವಿಲಾದವರದೂ ಅದೇ. ಪೂರ್ತಿ ಹೆಸರೇ ಒಂದಾದ ಮೇಲೆ ಪ್ರತ್ಯೇಕಿಸಲು ಊರು, ವರ್ಷ ಬಿಟ್ಟರೆ ಬೇರೇನು ಉಳಿಯುತ್ತದೆ?

ಹೆಸರಿಗಿಂತ ದಿನ ಎಷ್ಟು ಬಲವಾದ ಸಾಕ್ಷಿ ಎಂಬುದಕ್ಕೆ ಪಕ್ಕದ ಗೋವಾ ಒಳ್ಳೆಯ ನಿದರ್ಶನ. ಹಳೆ ಗೋವಾದ ಸೇ ಕ್ಯಾಥೆಡ್ರಲ್ ಸಂತ ಕ್ಯಾಥರೀನ್‌ಗೆ ಅರ್ಪಿತ. ಕ್ಯಾಥರೀನರಲ್ಲಿ ಸಿಯೆನಾದವರು ಇಂದು ಹೆಚ್ಚು ಪರಿಚಿತರು, 1380ರಲ್ಲಿ ತೀರಿಕೊಂಡ ಇಟಲಿಯ ಅನುಭಾವಿ. ಆದರೆ ಪೋರ್ಚುಗೀಸರ ಆಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಗೋವಾವನ್ನು ಗೆದ್ದದ್ದು 1510ರ ನವೆಂಬರ್ 25ರಂದು. ಅದು ಅಲೆಕ್ಸಾಂಡ್ರಿಯಾದ ಕ್ಯಾಥರೀನಳ ಹಬ್ಬದ ದಿನ. ಆ ಗೆಲುವಿನ ನೆನಪಿಗೆ ಕಟ್ಟಿದ ಕ್ಯಾಥೆಡ್ರಲ್ ಯಾರ ಹೆಸರಿನದು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ‘ದಿನವೇ ಸಾಕ್ಷಿಯಾದರೆ ಕಾರ್ಕಳದ ಅತ್ತೂರಿಗೆ ಏನು ಹೇಳುತ್ತೀರಿ?’ ಎಂದು ಕೇಳುವವರಿದ್ದಾರು. ಅತ್ತೂರಿನ ಸಂತ ಲಾರೆನ್ಸ್ ಕ್ರಿ.ಶ. 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದವರು, ಹಬ್ಬ ಆಗಸ್ಟ್ 10ಕ್ಕೆ. ಜನಸಾಗರ ಸೇರುವ ಅತ್ತೂರು ಜಾತ್ರೆಯೋ ಜನವರಿಯ ಉತ್ತರಾರ್ಧದಲ್ಲಿ. ಆಕ್ಷೇಪ ಸರಿಯೇ. ಊರಿನ ವಾರ್ಷಿಕೋತ್ಸವ ಬೇರೆ, ಧರ್ಮಸಭೆಯ ಪಂಚಾಂಗ ಬೇರೆ. ಬೇಸಾಯ, ಮಳೆ, ಜನರ ಅನುಕೂಲ ನೋಡಿ ಊರು ತನ್ನ ಹಬ್ಬವನ್ನು ಸರಿಸಿಕೊಳ್ಳುವುದುಂಟು. ಗುರುತಿಗೆ ಆಧಾರವಾಗಬೇಕಾದದ್ದು ಪಂಚಾಂಗದ ದಿನ. ಅದರ ಪ್ರಕಾರ ಬ್ರಿಂಡಿಸಿಯ ಲಾರೆನ್ಸ್ ಜುಲೈ 21, ಮನಿಲಾದ ಲಾರೆನ್ಸ್ ರೂಯಿಸ್ ಸೆಪ್ಟೆಂಬರ್ 28.

ಪಂಚಾಂಗ ನೋಡದೆ ತರ್ಕದಿಂದಷ್ಟೇ ಹೊರಟರೂ ಎಡವುವುದು ಸಹಜ. 2013ರ ಮಾರ್ಚ್ 13ರಂದು ಆಯ್ಕೆಯಾದ ಪೋಪ್ ಫ್ರಾನ್ಸಿಸ್ ಯೇಸುಸಭೆಯವರು. ಹಾಗಿದ್ದ ಮೇಲೆ ಅದೇ ಸಭೆಯ ಸ್ಥಾಪಕರಲ್ಲಿ ಒಬ್ಬರಾದ, ಗೋವಾದಲ್ಲಿ ದೇಹವಿರುವ ಫ್ರಾನ್ಸಿಸ್ ಕ್ಸೇವಿಯರರ ಹೆಸರೇ ಇದು ಎಂಬ ಊಹೆ ಮೇಲ್ನೋಟಕ್ಕೆ ಲೆಕ್ಕಾಚಾರದ್ದೇ. ಮೂರು ದಿನಗಳ ನಂತರ ಪೋಪ್ ಪತ್ರಕರ್ತರಿಗೆ ತಾವೇ ಹೇಳಿದರು. ಎಣಿಕೆಯಲ್ಲಿ ಮತಗಳು ಮೂರನೇ ಎರಡರಷ್ಟಾದಾಗ ಪಕ್ಕದಲ್ಲಿದ್ದ ಬ್ರೆಜಿಲ್‌ನ ಕಾರ್ಡಿನಲ್ ಹ್ಯೂಮ್ಸ್ ಅಪ್ಪಿಕೊಂಡು ಬಡವರನ್ನು ಮರೆಯಬೇಡಿ ಎಂದರಂತೆ, ಆಗ ಮನಸ್ಸಿಗೆ ಬಂದವರು ಅಸ್ಸಿಸಿಯ ಫ್ರಾನ್ಸಿಸ್.

ಇಷ್ಟೆಲ್ಲ ಕೆದಕಿ ಆಗಬೇಕಾದದ್ದೇನು, ಭಕ್ತನಿಗೆ ಬೇಕಾದದ್ದು ನಂಬಿಕೆಯಲ್ಲವೇ ಎಂಬುದು ದೊಡ್ಡ ಆಕ್ಷೇಪ. ಮೊಂಬತ್ತಿ ಹಚ್ಚುವವನಿಗೆ ಹುಟ್ಟಿದ ವರ್ಷ ಗೊತ್ತಿರಬೇಕಾಗಿಲ್ಲ, ಒಪ್ಪೋಣ. ಆದರೆ ಹೆಸರು ಬೆರೆತಾಗ ಕೆಲವೊಮ್ಮೆ ನಷ್ಟ ಆಗುವುದು ಭಕ್ತನಿಗಲ್ಲ, ಸಂತರಿಗೆ. ಮಗ್ದಲದ ಮರಿಯಳ ವಿಷಯದಲ್ಲಿ ಆದದ್ದು ಅದೇ. ಶುಭಸಂದೇಶಗಳಲ್ಲಿ ಮೂವರು ಹೆಂಗಸರಿದ್ದಾರೆ. ಲೂಕನ ಏಳನೇ ಅಧ್ಯಾಯದಲ್ಲಿ ಕಣ್ಣೀರಿನಿಂದ ಯೇಸುವಿನ ಪಾದ ತೊಳೆದ, ಹೆಸರೇ ಹೇಳದ ಪಾಪಿ ಹೆಂಗಸು ಒಬ್ಬಳು. ಲಾಜರ್ ಮತ್ತು ಮಾರ್ತಳ ಸೋದರಿ, ಬೆಥಾನಿಯದ ಮರಿಯ ಇನ್ನೊಬ್ಬಳು. ಏಳು ದೆವ್ವಗಳಿಂದ ಬಿಡುಗಡೆಯಾಗಿ, ಶಿಲುಬೆಯ ಬಳಿ ನಿಂತು, ಪುನರುತ್ಥಾನದ ಸುದ್ದಿಯನ್ನು ಮೊದಲು ತಂದ ಮಗ್ದಲದ ಮರಿಯ ಮೂರನೆಯವಳು. ಈ ಮೂವರನ್ನೂ ಒಬ್ಬಳೆಂದು ಮಾಡಿದ್ದು ಅರಿಯದ ಜನರಲ್ಲ. ಪೋಪ್ ಒಂದನೇ ಗ್ರೆಗರಿ, 591ರ ಒಂದು ಪ್ರವಚನದಲ್ಲಿ. ಹೆಸರಿಲ್ಲದವಳ ಪಾಪವನ್ನು ಹೆಸರಿದ್ದವಳ ತಲೆಗೆ ಕಟ್ಟಲಾಯಿತು. ಮಗ್ದಲದವಳು ವೇಶ್ಯೆ ಎಂದು ಬೈಬಲಿನಲ್ಲಿ ಒಂದಕ್ಷರವೂ ಇಲ್ಲ. ಆದರೂ ಪಶ್ಚಿಮದ ಚಿತ್ರಕಲೆ, ನಾಟಕ, ಕೊನೆಗೆ ಸಿನಿಮಾ ಕೂಡ ಅವಳನ್ನು ಬಿಚ್ಚುಗೂದಲಿನ ಪಶ್ಚಾತ್ತಾಪಿಯಾಗಿಯೇ ಕಂಡವು. ಪೂರ್ವದ ಸಭೆಗಳು ಮೂವರನ್ನೂ ಬೇರೆಯಾಗಿಯೇ ಉಳಿಸಿಕೊಂಡಿದ್ದವು. ರೋಮ್ ತನ್ನ ಪಂಚಾಂಗದಲ್ಲಿ ಈ ಬೆರಕೆಯನ್ನು ಬಿಟ್ಟದ್ದು 1969ರಲ್ಲಿ. 2016ರಲ್ಲಿ ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ದರ್ಜೆಗೆ ಏರಿಸಿತು. 2021ರಲ್ಲಿ ಬೆಥಾನಿಯದ ಮರಿಯಳಿಗೆ ಲಾಜರ್, ಮಾರ್ತರ ಜೊತೆ ಜುಲೈ 29ರ ಪಾಲು ಸಿಕ್ಕಿತು. ಹದಿನಾಲ್ಕು ಶತಮಾನ ಹೊತ್ತ ಅಪವಾದಕ್ಕೆ ಇದು ತಡವಾದ ನ್ಯಾಯ ಎಂದೇ ನನಗನಿಸುತ್ತದೆ.

ಇನ್ನು ಸಂದೇಹವಾದಿಗಳ ಮಾತು: ಒಂದೇ ಹೆಸರಿನವರೆಲ್ಲ ನಕಲು ಎಂಬುದು. ಇದರಲ್ಲಿ ಅರೆಸತ್ಯವಿದೆ. ಫೆಬ್ರವರಿ 14ರಂದೇ ಇಬ್ಬರು ವ್ಯಾಲೆಂಟೈನರ ಹೆಸರು ಕೇಳಿಬರುತ್ತದೆ, ರೋಮಿನ ಪಾದ್ರಿ ಒಬ್ಬರು, ತೆರ್ನಿಯ ಬಿಷಪ್ ಒಬ್ಬರು. ದಿನವೂ ಒಂದೇ, ಹೂತ ಫ್ಲಾಮಿನಿಯ ಎಂಬ ಹೆದ್ದಾರಿಯೂ ಒಂದೇ, ಆದ್ದರಿಂದ ಇಬ್ಬರೂ ಒಬ್ಬರೇ ಇರಬಹುದು ಎನ್ನುವ ವಿದ್ವಾಂಸರಿದ್ದಾರೆ. ಆದರೆ ಈ ಅನುಮಾನ ಎತ್ತಲು ಅವರು ಬಳಸಿದ್ದೂ ದಿನ ಮತ್ತು ಜಾಗವನ್ನೇ, ಹೆಸರಿನ ಸಾಮ್ಯವನ್ನಷ್ಟೇ ಅಲ್ಲ. 1643ರಿಂದ ಸಂತರ ಚರಿತ್ರೆಯ ‘ಆಕ್ಟ ಸಾಂಕ್ಟೋರಂ’ ಸಂಪುಟಗಳನ್ನು ಹೊರತಂದ ಬೊಲಾಂಡಿಸ್ಟ್ ಪಾದ್ರಿಗಳು ಮಾಡಿದ್ದು ಇದೇ ಕೆಲಸ, ಅದೂ ಸಭೆಯ ಒಳಗಿದ್ದುಕೊಂಡೇ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೇ ಇಬ್ಬರೇ ಎಂಬ ಚರ್ಚೆಯನ್ನು ಬಲ್ಲ ಕನ್ನಡದ ಓದುಗರಿಗೆ ಈ ವಿಧಾನ ಹೊಸದೇನಲ್ಲ. ಅಲ್ಲೂ ವಾದ ನಿಲ್ಲುವುದು ಕಾಲ, ಊರು, ಶಾಸನಗಳ ಮೇಲೆಯೇ. ವ್ಯಾಲೆಂಟೈನರ ಬಗ್ಗೆ ಹೆಸರು, ದಿನ, ಹೂತ ದಾರಿ ಬಿಟ್ಟು ಹೆಚ್ಚೇನೂ ಖಚಿತವಿಲ್ಲ ಎಂದು ರೋಮ್ 1969ರಲ್ಲಿ ಆ ಸ್ಮರಣೆಯನ್ನು ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟಿತು. ಅದೇ ವರ್ಷ ಅಲೆಕ್ಸಾಂಡ್ರಿಯಾದ ಕ್ಯಾಥರೀನಳನ್ನೂ ಬಿಟ್ಟು, 2002ರಲ್ಲಿ ಮರಳಿ ಸೇರಿಸಿಕೊಂಡಿತು.

ಹತ್ತಿರದ ಕಾಲಕ್ಕೆ ಬಂದರೆ ದಾಖಲೆಗಳಿಗೆ ಕೊರತೆಯಿಲ್ಲ, ಗೊಂದಲಕ್ಕೂ ಇಲ್ಲ. 1978ರಲ್ಲಿ ಪೋಪ್ ಆದ ಅಲ್ಬಿನೊ ಲುಚಿಯಾನಿ ತಮ್ಮ ಹಿಂದಿನ ಇಬ್ಬರು ಪೋಪರಾದ ಜಾನ್ ಮತ್ತು ಪೌಲರ ಹೆಸರುಗಳನ್ನು ಕೂಡಿಸಿ ಜಾನ್ ಪೌಲ್ ಆದರು. 33 ದಿನಕ್ಕೆ ತೀರಿಕೊಂಡರು. ಅವರ ನಂತರ ಬಂದ ಪೋಲೆಂಡಿನ ಕಾರ್ಡಿನಲ್ ಅದೇ ಹೆಸರನ್ನು ಮುಂದುವರಿಸಿದರು. ಇವರಿಗೆ 2014ರಲ್ಲಿ ಸಂತ ಪದವಿ ಸಿಕ್ಕಿದಾಗ ‘ಜಾನ್ ಪೌಲರು ಸಂತರಾದರು’ ಎಂಬ ಸುದ್ದಿ ಇಬ್ಬರಿಗೂ ಅನ್ವಯಿಸುತ್ತದೆ ಎಂದುಕೊಂಡವರಿದ್ದರೆ ಅಚ್ಚರಿಯಿಲ್ಲ. ಮೊದಲನೇ ಜಾನ್ ಪೌಲರನ್ನು ಪುನೀತರೆಂದು ಸಾರಿದ್ದು 2022ರ ಸೆಪ್ಟೆಂಬರ್ 4ರಂದು. ಪುನೀತರೆಂದರೆ ಸಂತ ಪದವಿಗಿಂತ ಒಂದು ಮೆಟ್ಟಿಲು ಕೆಳಗೆ, ಆರಾಧನೆಗೆ ಅನುಮತಿ ಕೆಲವು ಊರು, ಧರ್ಮಪ್ರಾಂತ್ಯ, ಸಂಘಗಳಿಗೆ ಸೀಮಿತ. ಮುಂದೆ ಅವರೂ ಸಂತರಾದರೆ ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರು ಪೋಪರು ನಿಲ್ಲುತ್ತಾರೆ. ಆಗಲೂ ಒಬ್ಬರ ಸ್ಮರಣೆ ಆಗಸ್ಟ್ 26ಕ್ಕೆ, ಇನ್ನೊಬ್ಬರದು ಅಕ್ಟೋಬರ್ 22ಕ್ಕೆ.