ಮನೆಯಂಗಳಕ್ಕೆ ಯಾವ ಹೂಮರ?

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆಯ ಕೃಷಿ ಕಾಲೇಜಿನ ಆಸುಪಾಸು ಬಡಾವಣೆಗಳು ಬೆಳೆದಿವೆ. ಹೊಸ ಮನೆ ಕಟ್ಟಿದವರಿಗೆ ಗೃಹಪ್ರವೇಶದ ಗಡಿಬಿಡಿ ಮುಗಿಯುತ್ತಲೇ ಎದುರಾಗುವ ಪ್ರಶ್ನೆ ಒಂದಿದೆ: ಗೇಟಿನ ಪಕ್ಕ ಯಾವ ಮರ ನೆಡುವುದು? ಹಲವರ ಉತ್ತರ ಸಿದ್ಧವಾಗಿರುತ್ತದೆ. ಗುಲ್‌ಮೊಹರ್!

ಏಪ್ರಿಲ್-ಮೇ ತಿಂಗಳಲ್ಲಿ ಎಲೆ ಕಾಣದಂತೆ ಕೆಂಪಗೆ ಅರಳುವ ಈ ಮರಕ್ಕೆ ಮರುಳಾಗದವರು ಕಡಿಮೆ. ಇದರ ಕಾಯಿಯನ್ನೇ ಕತ್ತಿ ಮಾಡಿಕೊಂಡು ಕಾದಾಡಿದ ಬಾಲ್ಯ ಎಷ್ಟೋ ಜನರದು. ಆದರೆ ಮಡಗಾಸ್ಕರ್ ಮೂಲದ ಈ ಮರ ಕೊಡೆಯಂತೆ ಮೂವತ್ತು ಅಡಿಗೂ ಮೀರಿ ಹರಡುತ್ತದೆ. ಮೂವತ್ತು-ನಲವತ್ತರ ನಿವೇಶನದ ಅಗಲವೇ ಅಷ್ಟು! ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಓಡಿ ಕಾಂಪೌಂಡಿನ ಬುನಾದಿಯನ್ನೂ ಎಬ್ಬಿಸಬಲ್ಲದು. ಕೊಂಬೆಗಳೋ ಪೆಡಸು. ಹೂ ತುಂಬಿ ನಿಂತ ದಿನಗಳಲ್ಲೇ ಮುಂಗಾರಿಗೆ ಮುನ್ನಿನ ಗಾಳಿಮಳೆಯೂ ಬರುವುದರಿಂದ ವಿದ್ಯುತ್ ತಂತಿಯ ಕೆಳಗೆ ಇದನ್ನು ನೆಡುವುದು ಅಪಾಯವನ್ನು ಕರೆದಂತೆ.

ಬೇಡವಾದಾಗ ಕಡಿದರಾಯಿತು ಎನ್ನುವಂತೆಯೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಅಂಗಳದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಯೋಚನೆಯೇನಿದ್ದರೂ ಗುಂಡಿ ತೋಡುವ ಮೊದಲೇ ಆಗಬೇಕು.

ಹಾಗಾದರೆ ಯಾವುದನ್ನು ನೆಡಬೇಕು? ಜರ್ಮನಿಯ ಜಿ.ಎಚ್. ಕ್ರುಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಮೇಲೆ ಬೆಂಗಳೂರಿನ ಬೀದಿಗಳಿಗೆ ಒಂದು ಉಪಾಯ ಹೂಡಿದರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಮತ್ತೊಂದು ಜಾತಿ ಅರಳಬೇಕು. ವರ್ಷದ ಯಾವ ತಿಂಗಳಲ್ಲೂ ನಗರ ಹೂವಿಲ್ಲದೆ ಇರಬಾರದು. ಒಂದು ಮನೆಯ ಅಂಗಳದಲ್ಲಿ ಇದು ಅಸಾಧ್ಯ. ಆದರೆ ಒಂದು ಅಡ್ಡರಸ್ತೆಯ ನಾಲ್ಕಾರು ಮನೆಯವರು ಮಾತಾಡಿಕೊಂಡು ಬೇರೆ ಬೇರೆ ಮರ ನೆಟ್ಟರೆ ಏಕಾಗಬಾರದು?

ಬೇಸಿಗೆಗೆ ಚಿನ್ನದ ಗೊಂಚಲು ಇಳಿಬಿಡುವ ಕಕ್ಕೆ ಇದೆ. ಇದರ ಬೀಜದ ಸಿಪ್ಪೆ ಬಲು ಗಟ್ಟಿ. ಬಿಸಿನೀರಲ್ಲಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಅದರ ಹಿಂದೆಯೇ ನೇರಳೆ ಬಣ್ಣದ ಹೊಳೆದಾಸವಾಳದ ಸರದಿ. ಹೆಸರೇ ಹೇಳುವಂತೆ ಇದು ಮಲೆನಾಡಿನ ಹೊಳೆದಂಡೆಯ ಮರ, ನೀರು ಬೇಡುತ್ತದೆ. ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಚಳಿಗಾಲದಲ್ಲಿ ಕೊಂಬೆ ಸವರಿ ಅಂಗಳಕ್ಕೆ ತಕ್ಕಷ್ಟೇ ಬೆಳೆಸಬಹುದು. ಮಳೆಗಾಲ ಹಿಂದಾಗುವಾಗ ಪಾರಿಜಾತ, ಚಳಿ ಬೀಳುವಾಗ ಕೆನ್ನೀಲಿ ಮಂದಾರ. ದೇವಾಲಯಗಳಲ್ಲಿ ಕಾಣುವ ದೇವಕಣಗಿಲೆ ಅಮೆರಿಕ ಖಂಡದಿಂದ ಬಂದದ್ದೆಂದರೆ ನಂಬುವುದು ಕಷ್ಟ! ಅದರ ಕೊಂಬೆಯನ್ನು ಕಡಿದು, ಹಾಲು ಆರುವವರೆಗೆ ಕೆಲವು ದಿನ ನೆರಳಲ್ಲಿಟ್ಟು ಊರಿದರೆ ಸಾಕು.

ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಬೇಕು. ಮೊದಲ ಮಳೆ ಬಿದ್ದ ಮೇಲೆ ಮೇಲ್ಮಣ್ಣಿಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಸಸಿ ನೆಟ್ಟು, ಗಾಳಿಗೆ ಅಲುಗದಂತೆ ಊರುಗೋಲು ಕಟ್ಟಬೇಕು. ಗೋಡೆಯಿಂದಲೂ ಶೌಚಗುಂಡಿಯಿಂದಲೂ ಆದಷ್ಟು ದೂರವಿರಲಿ. ಪಾರಿಜಾತಕ್ಕೆ ಮಾತ್ರ ಕಾಂಪೌಂಡಿನ ಅಂಚಾದರೂ ಸರಿ. ಸತ್ಯಭಾಮೆಯ ಅಂಗಳದ ಮರದ ಹೂ ರುಕ್ಮಿಣಿಯ ಅಂಗಳದಲ್ಲಿ ಉದುರುತ್ತಿದ್ದ ಕಥೆ ಗೊತ್ತಿದ್ದರೆ, ಬೆಳಿಗ್ಗೆ ಪಕ್ಕದ ಮನೆಯವರು ಹೂ ಆಯುವುದಕ್ಕೆ ತಕರಾರು ಮಾಡುವಂತಿಲ್ಲ.