ಮೆಕ್ಕೆಜೋಳದ ಖಾರ ಹೋಳಿಗೆಗೆ ಎಲೆಯಡಿಕೆ ಸುಣ್ಣ

ಹೊಸದುರ್ಗ, ಹೊಳಲ್ಕೆರೆ ಕಡೆ ಮಳೆ ನಂಬಿ ಮೆಕ್ಕೆಜೋಳ ಬೆಳೆಯುವವರು ನಾವು. ಒಕ್ಕಣೆ ಆಗಿದ್ದೇ ತಡ, ಚೀಲ ತುಂಬಿ ಮಂಡಿಗೆ ಸಾಗಿಸ್ತೀವಿ. ಅಲ್ಲಿಂದ ಬಹುಪಾಲು ಕೋಳಿ ಆಹಾರಕ್ಕೆ. ಮನೆಗೆ ಅಂತ ಒಂದು ಸೇರು ಉಳಿಸೋರು ಕಡಿಮೆ. ಇದರ ಹಿಟ್ಟಿಗೆ ಜಿಗುಟಿಲ್ಲ. ಕುದಿನೀರು ಹಾಕಿ ನಾದಿದರೆ ರೊಟ್ಟಿ ಹೇಗೋ ಆದೀತು, ಹೂರಣ ಇಟ್ಟರೆ ಬಾಯಿ ಬಿಡುತ್ತದೆ.

ಈ ಬೆಳೆಯ ತವರು ಮೆಕ್ಸಿಕೊ. ಅದರ ಆಚೆಗಿರುವ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದಲ್ಲಿ ಮೆಕ್ಕೆಜೋಳದ ಕಣಕದೊಳಗೆ ಅರೆದ ಕಾಳು, ಚೀಸ್, ಮಾಂಸ ತುಂಬಿ ಹಂಚಿನಲ್ಲಿ ಸುಡುತ್ತಾರೆ. ಹೆಸರು ಪುಪುಸ. 2005ರಲ್ಲಿ ಅದನ್ನು ರಾಷ್ಟ್ರೀಯ ತಿನಿಸು ಎಂದೇ ಸಾರಿದರು. ಅವರದು ಒಡೆಯುವುದಿಲ್ಲ. ಗುಟ್ಟು ಸುಣ್ಣದಲ್ಲಿದೆ. ಸುಣ್ಣದ ನೀರಲ್ಲಿ ಬೆಂದ ಕಾಳಿನ ಸಿಪ್ಪೆ ಕಳಚಿ, ಹಿಟ್ಟಿಗೆ ಅಂಟು ಬರುತ್ತದೆ. ಕಾಳಿನಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವವೂ ಬಿಡುಗಡೆಯಾಗಿ ಮೈಗೆ ಹತ್ತುತ್ತದೆ. ಬೇರೆ ದೇಶಗಳವರು ಜೋಳ ಕೊಂಡೊಯ್ದರು, ಸುಣ್ಣದ ಬುದ್ಧಿ ಬಿಟ್ಟರು. ಇಟಲಿಯಲ್ಲಿ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದನ್ನೇ ತಿಂದು ಬದುಕಿದ ಬಡವರಿಗೆ ಪೆಲಾಗ್ರ ಎಂಬ ಕಾಯಿಲೆ ಬಂತು.

ನಾನು ಮಾಡಬೇಕೆಂದಾಗ ನಮ್ಮ ಮನೆಯವರು, 'ಕೋಳಿ ತಿನ್ನೋದನ್ನ ನಮಗೆ ತಿನ್ನಿಸ್ತೀರಾ?' ಅಂದರು. ಮೊದಲ ಸಲ ಸುಣ್ಣ ಜಾಸ್ತಿಯಾಗಿ ಬಾಯೆಲ್ಲ ಸೋಪು ಕಚ್ಚಿದ ಹಾಗಾಯ್ತು. ಅದನ್ನು ಕೋಳಿಗೇ ಹಾಕಿದೆವು!

ಈಗಿನ ಅಳತೆ ಹೀಗೆ. 1 ಕಿಲೊ ಕಾಳಿಗೆ 3 ಲೀಟರ್ ನೀರು, ಒಣಪುಡಿಯಾದರೆ 10 ಗ್ರಾಂ ಸುಣ್ಣ, ಗಟ್ಟಿ ಹಸಿ ಸುಣ್ಣವಾದರೆ 20 ಗ್ರಾಂ. ಎಲೆಯಡಿಕೆಗೆ ಹಾಕುವ ಸುಣ್ಣವೇ ಆಗಬೇಕು, ಗೋಡೆಗೆ ಬಳಿಯುವುದು ಬೇಡ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ, ಸ್ಟೀಲಿನದು ಇಡಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕುದಿಸಿ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು. ರಾತ್ರಿಯೆಲ್ಲ ಅದೇ ನೀರಲ್ಲಿರಲಿ. ಬೆಳಿಗ್ಗೆ ಮೂರು ನಾಲ್ಕು ನೀರಲ್ಲಿ ತಿಕ್ಕಿ ತೊಳೆಯಿರಿ. ಸೋಪಿನ ರುಚಿ ಹೋಗುವುದು ಇಲ್ಲೇ. ಆಮೇಲೆ ಒರಳಲ್ಲೋ ಗ್ರೈಂಡರಿನಲ್ಲೋ ನೀರು ಚಿಮುಕಿಸುತ್ತಾ ನುಣ್ಣಗೆ, ಗಟ್ಟಿಯಾಗಿ ರುಬ್ಬಿ. ಮಿಕ್ಸಿಯಾದರೆ ನೀರು ಹೆಚ್ಚು ಬೇಕು, ಕಣಕ ಸಡಿಲವಾಗುತ್ತದೆ. ಉಂಡೆಯನ್ನು ಒತ್ತಿ ನೋಡಿ, ಅಂಚು ಬಿರಿದರೆ ಇನ್ನೆರಡು ಹನಿ ನೀರು.

ಬೂಸ್ಟು ಹಿಡಿದ ಕಾಳು ಖಂಡಿತ ಬೇಡ. ಔಷಧಿ ಹಚ್ಚಿದ, ಬಣ್ಣದ ಬಿತ್ತನೆ ಬೀಜ ಉಳಿದಿದೆ ಅಂತ ಅದನ್ನೂ ಬಳಸಬೇಡಿ, ಅದು ವಿಷ.

ಹೂರಣಕ್ಕೆ ನಮ್ಮದು ಹುರುಳಿ. ಬೇಯಿಸಿ, ಕಟ್ಟು ಬಸಿದು ಸಾರಿಗಿಟ್ಟುಕೊಂಡು, ಕಾಳನ್ನು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪಿನ ಜೊತೆ ಗಟ್ಟಿಯಾಗಿ ಅರೆಯುವುದು. ಒಬ್ಬಟ್ಟಿನ ಹಾಗೆ ತುಂಬಿ, ಒದ್ದೆ ಕೈಯಲ್ಲಿ ಅಂಗೈ ಅಗಲ ತಟ್ಟಿ, ಕಾದ ಹಂಚಿನಲ್ಲಿ ಎರಡೂ ಕಡೆ ನಾಲ್ಕೈದು ನಿಮಿಷ ಚುಕ್ಕೆ ಬೀಳುವ ತನಕ ಸುಡಿ. ಅವರು ಹುಳಿಯಲ್ಲಿ ನೆನೆಸಿದ ಎಲೆಕೋಸು ನೆಂಚಿಕೊಳ್ಳುತ್ತಾರೆ. ನಮಗೆ ನಿಂಬೆಹಣ್ಣು ಹಿಂಡಿದ ಈರುಳ್ಳಿ ಸಾಕು.

ರುಬ್ಬಿದ ಹಿಟ್ಟು ಮಾರನೇ ದಿನಕ್ಕೆ ಹುಳಿ ಬರುತ್ತದೆ. ಮೊದಲ ಸಲ ಅರ್ಧ ಕಿಲೊ ಮಾತ್ರ ನೆನೆಹಾಕಿ.