ಹೇಳಲು ಸಂಕೋಚಪಡುವ ವಸ್ತುವಿನ ಚರಿತ್ರೆ

ಈ ಶತಮಾನದ ಮೊದಲ ವರ್ಷಗಳಲ್ಲಿ ತಮಿಳುನಾಡಿನ ಬೀದಿಬದಿಯ ಫಲಕಗಳ ಮೇಲೆ 'ಪುಳ್ಳಿ ರಾಜನಿಗೆ ಏಡ್ಸ್ ಬರುವುದೇ?' ಎಂಬರ್ಥದ ಪ್ರಶ್ನೆಯೊಂದು ಕಾಣಿಸಿಕೊಂಡುದು ಕೊಯಮತ್ತೂರು, ತಿರುಪ್ಪೂರು ಭಾಗದ ಓದುಗರಿಗೆ ನೆನಪಿರಬಹುದು. ಅದರ ಅರ್ಥವನ್ನು ಕೇಳಿದ ಮಕ್ಕಳಿಗೆ ಉತ್ತರ ಹೇಳಿದ ಮನೆಗಳು ವಿರಳ. ಅಂದಿನ ಮಕ್ಕಳು ಇಂದು ತಾವೇ ತಂದೆತಾಯಂದಿರಾಗಿದ್ದಾರೆ. ಆ ಪ್ರಚಾರದ ಉದ್ದೇಶ ಸರಳವಾಗಿತ್ತು: ಗಂಡಸರು ಕಾಂಡೋಮ್, ಅಂದರೆ ನಿರೋಧ್, ಬಳಸಬೇಕು.

ಈ ವಸ್ತು ಹೊಸತೇನೂ ಅಲ್ಲ. ಇಟಲಿಯ ಅಂಗರಚನಾ ಪಂಡಿತ ಗೇಬ್ರಿಯೆಲೆ ಫಲ್ಲೋಪಿಯೋ ಔಷಧದಲ್ಲಿ ನೆನೆಸಿ ಒಣಗಿಸಿದ ನಾರುಬಟ್ಟೆಯ ಕವಚವನ್ನು ವರ್ಣಿಸಿದ ಗ್ರಂಥ, ಆತನ ಮರಣಾನಂತರ 1564ರಲ್ಲಿ ಪ್ರಕಟವಾಯಿತು. ಅವನ ಗುರಿ ಸಂತಾನ ನಿಯಂತ್ರಣವಲ್ಲ, ಪರಂಗಿ ರೋಗದ ತಡೆ. ಬಳಿಕ ಪ್ರಾಣಿಗಳ ಕರುಳಿನಿಂದ ಮಾಡಿದ ಕವಚಗಳು ಬಂದವು. ಅವು ಧನಿಕರ ಸೊತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನ ತಿಳಿದ ಮೇಲೆ ಬೆಲೆ ಇಳಿಯಿತು. 1920ರ ದಶಕದಲ್ಲಿ ರಬ್ಬರು ಹಾಲಿನಿಂದಲೇ ತೆಳುವಾದ ಕವಚಗಳು ತಯಾರಾದವು.

ಕನ್ನಡಿಗರಿಗೆ ಈ ಚರಿತ್ರೆಯಲ್ಲಿ ಹೆಮ್ಮೆಯ ಪುಟವೊಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರಲ್ಲಿ ಮೈಸೂರು ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರಕಾರವೊಂದು ಹೀಗೆ ಮಾಡಿದುದು ಜಗತ್ತಿನಲ್ಲೇ ಮೊದಲೆಂದು ಹೇಳಲಾಗುತ್ತದೆ. ಭಾರತ ಸರಕಾರದ ಕುಟುಂಬ ಯೋಜನೆ ಆರಂಭವಾದುದು 1952ರಲ್ಲಿ.

1968ರಲ್ಲಿ 'ನಿರೋಧ್' ಮಾರುಕಟ್ಟೆಗೆ ಬಂತು. ಮೂರಕ್ಕೆ ಹದಿನೈದು ಪೈಸೆ. ಚಹಾ, ಸಾಬೂನು, ಸಿಗರೇಟು ಮಾರುವ ದೊಡ್ಡ ಕಂಪೆನಿಗಳ ಜಾಲದ ಮೂಲಕವೇ ಅದು ಹಳ್ಳಿಯ ಪೆಟ್ಟಿಗೆ ಅಂಗಡಿಗಳಿಗೂ ತಲುಪಿತು. ಮರುವರ್ಷ ತಿರುವನಂತಪುರದ ಹಿಂದೂಸ್ತಾನ್ ಲೇಟೆಕ್ಸ್ ಉತ್ಪಾದನೆ ತೊಡಗಿತು. ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿಯೂ ಆ ಸಂಸ್ಥೆಯ ಕಾರ್ಖಾನೆಯಿದೆ.

ಆದರೂ ಬಳಕೆ ಬೆಳೆದುದು ಅಲ್ಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ ವಿವಾಹಿತ ದಂಪತಿಗಳಲ್ಲಿ ನಿರೋಧ್ ಬಳಸುವವರು ಶೇಕಡಾ 9.5, ಹೆಂಗಸರ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು ಶೇಕಡಾ 37.9, ಗಂಡಸರ ಶಸ್ತ್ರಚಿಕಿತ್ಸೆಯ ಪಾಲು ಶೇಕಡಾ 0.3 ಮಾತ್ರ. ಹೆಂಗಸರ ಶಸ್ತ್ರಚಿಕಿತ್ಸೆಯಲ್ಲಿ ತಡೆಯುವ ನಾಳಕ್ಕೆ ಫಲ್ಲೋಪಿಯೋನ ಹೆಸರೇ ಇದೆ! ಅವನು ಗಂಡಸಿಗೆ ಹೇಳಿದ ಉಪಾಯವನ್ನು ಬದಿಗಿಟ್ಟು, ಹೆಂಗಸಿನ ದೇಹಕ್ಕೇ ಹೊರೆ ಹೊರಿಸಿದ್ದೇವೆ. ಹೆರಿಗೆ, ಬಾಣಂತನಗಳ ಕಷ್ಟವೂ ಅವಳದೇ ಅಲ್ಲವೇ?

ಇನ್ನೊಂದು ಸಂಗತಿಯನ್ನು ಮರೆಯಬಾರದು. ಶಸ್ತ್ರಚಿಕಿತ್ಸೆ ಗರ್ಭವನ್ನು ತಡೆಯುತ್ತದೆ, ರೋಗವನ್ನಲ್ಲ. ಚೆನ್ನೈಯಲ್ಲಿ 1986ರಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಗುರುತಿಸಿದಂದಿನಿಂದ ಈ ವ್ಯತ್ಯಾಸಕ್ಕೆ ಬಹಳ ಬೆಲೆ ಬಂದಿದೆ. ಬನಿಯನ್ ಕಾರ್ಖಾನೆಗಳಿಗೂ ಲಾರಿ ಸಾರಿಗೆಗೂ ದೂರದೂರುಗಳಿಂದ ಜನ ಬಂದು ತಿಂಗಳುಗಟ್ಟಲೆ ಮನೆ ಬಿಟ್ಟಿರುವ ನಮ್ಮ ಜಿಲ್ಲೆಗಳಲ್ಲಂತೂ ಹೇಳಬೇಕಾದ ಮಾತಿದು.

ಬಳಸುವವರು ಗಮನಿಸಬೇಕಾದುದು ಹೆಚ್ಚೇನಿಲ್ಲ. ಪೊಟ್ಟಣದ ಮೇಲಿನ ಗಡುವಿನ ದಿನಾಂಕ ನೋಡಬೇಕು. ಹಣದ ಚೀಲದಲ್ಲೋ ಬಿಸಿಲಿಗೆ ನಿಂತ ವಾಹನದಲ್ಲೋ ಬಹುಕಾಲ ಇಟ್ಟದ್ದು ಕೆಡುತ್ತದೆ. ತೊಡುವಾಗ ತುದಿಯನ್ನು ಒತ್ತಿ ಗಾಳಿ ತೆಗೆಯಬೇಕು. ಸಮಾಗಮದ ಮೊದಲಿನಿಂದ ಕೊನೆಯವರೆಗೂ ಅದಿರಬೇಕು. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಲಾಗದು. ಕೊಬ್ಬರಿ ಎಣ್ಣೆ ಹಚ್ಚುವುದು ನಮ್ಮಲ್ಲಿ ಸಹಜವಾಗಿ ತೋರಬಹುದು, ಆದರೆ ಎಣ್ಣೆ ತಾಗಿದರೆ ರಬ್ಬರು ಬಹು ಬೇಗ ಹರಿಯುತ್ತದೆ. ಪ್ರತಿಸಲವೂ ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರರಲ್ಲಿ ಸುಮಾರು ಇಬ್ಬರು ಮಾತ್ರ ಗರ್ಭಿಣಿಯರಾಗುವರು. ಸಾಮಾನ್ಯರ ಅಜಾಗ್ರತೆಯನ್ನೂ ಸೇರಿಸಿದರೆ ಹದಿಮೂರು ಮಂದಿ.

ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಪ್ರಜನನ ಆರೋಗ್ಯದ ಪಾಠವಿದೆ. ಅದನ್ನು ಓದಿ ಬಂದ ಮಗನೋ ಮಗಳೋ ಮನೆಯಲ್ಲಿ ಪ್ರಶ್ನೆ ಕೇಳಿದರೆ ಗದರಿಸದೆ ಉತ್ತರಿಸಲು ಮೇಲಿನಷ್ಟು ತಿಳಿವು ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಿರೋಧ್ ಉಚಿತವಾಗಿ ದೊರೆಯುತ್ತದೆ. ಎಚ್‌ಐವಿ ಕುರಿತ ಸಂದೇಹಗಳಿಗೆ 1097 ಸಂಖ್ಯೆಗೆ ಕರೆ ಮಾಡಬಹುದು, ಅದಕ್ಕೆ ಶುಲ್ಕವಿಲ್ಲ.